ಬೈಗುಳವೂ ಸಂಬಳದ ಭಾಗವೇ?

ದರ್ಶಿನಿಯಿರಲಿ, ಪಂಚತಾರಾ ಹೋಟೆಲ್ ಇರಲಿ, ಅಡುಗೆಮನೆಯ ಬಾಗಿಲಿನಾಚೆಯ ಮಾತು ಗ್ರಾಹಕರ ಕಿವಿಗೆ ಬೀಳುವುದು ಅಪರೂಪ. ಎಲ್ಲರೆದುರು ಬೈಗುಳ, ತಟ್ಟೆ ಒಡೆದರೆ ಸಂಬಳಕ್ಕೆ ಕತ್ತರಿ, ಎದುರಾಡಿದವನಿಗೆ ವಾರದ ರಜೆ ಇಲ್ಲ. ಈ ಉದ್ಯಮದಲ್ಲಿ ಇವನ್ನು ಕಿರುಕುಳವೆಂದು ಕರೆಯುವವರು ಕಡಿಮೆ. 'ಕೆಲಸ ಕಲಿಸುವ ಕ್ರಮ' ಎಂಬುದೇ ಇವುಗಳಿಗಿರುವ ಹೆಸರು.

ಈ ಕ್ರಮಕ್ಕೆ ಎರಡು ಬೇರುಗಳಿವೆ. 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬಾಣಸಿಗ ಎಸ್ಕಾಫಿಯೆ ರೂಪಿಸಿದ ಅಡುಗೆಮನೆಯ ಶ್ರೇಣಿವ್ಯವಸ್ಥೆ ಸೈನ್ಯದ ಮಾದರಿಯದು. ದೊಡ್ಡ ಹೋಟೆಲ್‌ಗಳು ಅದನ್ನೇ ಅನುಸರಿಸಿದವು. ಇನ್ನೊಂದು ಬೇರು ನಮ್ಮದೇ. ಕರಾವಳಿಯಿಂದ ಬೆಂಗಳೂರು, ಮುಂಬೈ ಸೇರಿದ ಹುಡುಗರು ಮಾಲೀಕರ ಆಶ್ರಯದಲ್ಲೇ ಉಂಡು, ಮಲಗಿ ಬೆಳೆದರು. ಆ ಆಶ್ರಯ ಹಲವರಿಗೆ ಮುಂಬೈಯ ಕನ್ನಡ ರಾತ್ರಿಶಾಲೆಯ ದಾರಿ ತೋರಿತು, ಕೆಲವರನ್ನು ಮಾಲೀಕರನ್ನಾಗಿಯೂ ಮಾಡಿತು ಎಂಬುದು ನಿಜ. ಆದರೆ ಊಟ, ವಸತಿ, ಸಂಬಳ ಮೂರೂ ಒಬ್ಬನ ಕೈಯಲ್ಲಿದ್ದಾಗ ಕೆಲಸ ಬಿಡುವುದೆಂದರೆ ಅದೇ ರಾತ್ರಿ ಬೀದಿಗೆ ಬೀಳುವುದು. ಇಂದು ಆ ಜಾಗದಲ್ಲಿ ಒಡಿಶಾ, ಅಸ್ಸಾಂ, ಬಿಹಾರಗಳಿಂದ ಬಂದ ಯುವಕರೂ ಇದ್ದಾರೆ. ದೂರು ಹೇಳಿಕೊಳ್ಳಲು ಅವರಲ್ಲಿ ಅನೇಕರಿಗೆ ಇಲ್ಲಿನ ಭಾಷೆಯೂ ಬಾರದು.

ಕಾನೂನಿನ ನೆರವಾದರೂ ಉಂಟೇ? ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವೆಡೆ ಆಂತರಿಕ ಸಮಿತಿ ಇರಲೇಬೇಕೆನ್ನುವ 2013ರ ಕಾಯ್ದೆ, ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಸೀಮಿತ. ನಿತ್ಯದ ಅವಮಾನವನ್ನು ಆ ಸಮಿತಿಯೆದುರು ಒಯ್ಯುವಂತಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ, ಮಾನಸಿಕ ಹಾನಿ ಉಂಟುಮಾಡುವ ವರ್ತನೆಯನ್ನೂ ಕಿರುಕುಳವೆಂದೇ ಪರಿಗಣಿಸುತ್ತದೆ. ತರಬೇತಿಗೆ ಬಂದ ವಿದ್ಯಾರ್ಥಿಗಳಿಗೂ ರಕ್ಷಣೆ ನೀಡುತ್ತದೆ. 2021ರಲ್ಲಿ ಜಾರಿಗೆ ಬಂದ ಅದನ್ನು ಭಾರತ ಅನುಮೋದಿಸಿಲ್ಲ.

ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ನಯವಾಗಿ ಮಾತಾಡುತ್ತ ಕೂರಲಾಗದು ಎಂಬ ಮಾಲೀಕರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಅವಸರದ ಗಟ್ಟಿದನಿ ಬೇರೆ, ಅಧಿಕಾರದ ಅವಮಾನ ಬೇರೆ. ಕೆಲಸಗಾರರು ನಿಲ್ಲುವುದಿಲ್ಲವೆಂದು ದೂರುವವರು, ಅವರೇಕೆ ಓಡಿಹೋಗುತ್ತಾರೆಂದು ಕೇಳಿಕೊಳ್ಳಬೇಡವೇ? ರಜೆಯ ಪಟ್ಟಿಯನ್ನು ಮೊದಲೇ ಗೋಡೆಗೆ ಹಚ್ಚುವುದು, ಕೆಲಸ ಬಿಟ್ಟವನಿಗೆ ಕೆಲವು ದಿನವಾದರೂ ವಸತಿ ಉಳಿಸುವುದು, ಆಂತರಿಕ ಸಮಿತಿಯ ವ್ಯಾಪ್ತಿಯನ್ನು ಎಲ್ಲ ನೌಕರರ ಎಲ್ಲ ಬಗೆಯ ಕಿರುಕುಳಕ್ಕೂ ವಿಸ್ತರಿಸುವುದು ಅಸಾಧ್ಯವೇನಲ್ಲ.

ದೋಸೆ ಐದು ನಿಮಿಷ ತಡವಾದರೆ ಗಲ್ಲಾದ ಬಳಿ ಸಿಡಿಮಿಡಿಗೊಳ್ಳುವ ನಮ್ಮ ಸಿಟ್ಟು, ಕೊನೆಗೆ ಇಳಿಯುವುದು ಒಳಗಿರುವ ಮಾಣಿಯ ಮೇಲೆಯೇ. ಸುಧಾರಣೆಯ ಒಂದು ಪಾಲು ಮೇಜಿನ ಈಚೆಗೂ ಸೇರಿದ್ದು.