ನಿಂತು ಮಾರುವವರಿಗೊಂದು ಆಸನ

ಕಳೆದ ಶ್ರಾವಣದಲ್ಲಿ ಪರಿಚಿತ ಭಕ್ತರೊಬ್ಬರು ಮನೆಯ ಮದುವೆಗೆ ಜವಳಿ ಕೊಳ್ಳಲು ಹೊರಟಾಗ, ಅವರ ಪರಿವಾರದೊಡನೆ ನಾವೂ ಪುತ್ತೂರು ಪೇಟೆಯ ಅಂಗಡಿಯೊಂದಕ್ಕೆ ಹೋಗಬೇಕಾಯಿತು. ಸೀರೆ ಬಿಚ್ಚಿ ತೋರಿಸುತ್ತಿದ್ದ ಹೆಣ್ಣುಮಗಳು ಕಡಬದ ಕಡೆಯವಳು; ಬೆಳಗಿನ ಬಸ್ಸಿಗೆ ಬಂದು ರಾತ್ರಿಯ ಬಸ್ಸಿಗೆ ಮರಳುವವಳು. ನಮ್ಮೊಡನೆ ಕನ್ನಡ, ಪಕ್ಕದ ಗಿರಾಕಿಯೊಡನೆ ತುಳು, ಸುಳ್ಯದಿಂದ ಬಂದಿದ್ದ ವೃದ್ಧೆಯೊಡನೆ ಅರೆಭಾಷೆ, ಗಡಿಯಾಚೆಯವರೊಡನೆ ಮಲಯಾಳ, ಹೀಗೆ ನಾಲ್ಕು ನುಡಿಗಳಲ್ಲಿ ಅವಳ ಮಾತು ಸರಾಗವಾಗಿ ಸಾಗುತ್ತಿತ್ತು. ನಮ್ಮವರು ನಲವತ್ತು ಸೀರೆ ಬಿಚ್ಚಿಸಿ ಎರಡನ್ನು ಕೊಂಡರು. ಉಳಿದವನ್ನು ಅವಳು ಮುಖ ಸಿಂಡರಿಸದೆ ಮಡಿಸತೊಡಗಿದಳು.

"ಸ್ವಲ್ಪ ಕುಳಿತುಕೋ ತಾಯಿ" ಎಂದೆವು.

"ಇಲ್ಲಿ ಕೂತುಕೊಳ್ಳಲಿಕ್ಕಿಲ್ಲ ಸ್ವಾಮೀ" ಎಂದು ನಕ್ಕಳು.

ವಿಚಾರಿಸಲಾಗಿ, ಅವಳು ಅಲ್ಲಿ ಸೇರಿ ಎಂಟು ವರ್ಷಗಳು ಸಂದಿದ್ದವು. ಸೇರಿದ ದಿನ ನಿಂತ ಕಟ್ಟೆಯ ಹಿಂದೆಯೇ ಇಂದಿಗೂ ನಿಂತಿದ್ದಾಳೆ. ತಿಂಗಳಿಗಿಷ್ಟು ಮಾರಬೇಕೆಂಬ ಗುರಿ ಮಾತ್ರ ವರ್ಷವರ್ಷವೂ ಏರಿದೆ. ಗುರಿ ತಪ್ಪಿದ ತಿಂಗಳು ಪ್ರೋತ್ಸಾಹಧನವಿಲ್ಲ. "ದಾಸ್ತಾನಿನ ಲೆಕ್ಕ ಕಲಿಸಿದರೆ ಕಲಿತೇನು, ಯಾರೂ ಕೇಳಲಿಲ್ಲ" ಎಂದಳು. ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು.

ಮಾರಾಟದ ಕಷ್ಟಸುಖವನ್ನು ಈ ಸೀಮೆ ಅರಿಯದ್ದೇನಲ್ಲ. ಅಡಿಕೆಗೆ ನ್ಯಾಯವಾದ ಬೆಲೆ ದೊರೆಯಲೆಂದು ಬೆಳೆಗಾರರೇ ಕೂಡಿ 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಕೊಕ್ಕೋವಿಗೆ ಆಸರೆಯಾಗಲೆಂದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆದರು. ಬೆಳೆದವನ ಮಾನ ಉಳಿಸಲು ಇಷ್ಟು ಶ್ರಮಿಸಿದ ನಾಡಿನಲ್ಲಿ, ಕಟ್ಟೆಯ ಹಿಂದೆ ನಿಂತು ಮಾರುವವರ ಮಾನದ ಚಿಂತೆಯೂ ಮೂಡಬೇಡವೆ?

ನೆರೆಯ ಕೇರಳದಲ್ಲಿ ಆ ಚಿಂತೆ ಮೂಡಿತು. ಕೋಳಿಕ್ಕೋಡಿನ ಅಂಗಡಿಗಳ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ಧ್ವನಿಯೆತ್ತಿದರು. 2018ರಲ್ಲಿ ಅಲ್ಲಿಯ ಸರ್ಕಾರ ಕಾನೂನು ತಿದ್ದಿ ಅಂಗಡಿಗಳಲ್ಲಿ ಆಸನ ಒದಗಿಸುವುದನ್ನು ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡೂ ಅದೇ ಹಾದಿ ಹಿಡಿಯಿತು. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯಲ್ಲಿ ನೇಮಕಪತ್ರಕ್ಕೂ ವಾರದ ರಜೆಗೂ ವಿಧಿಗಳಿವೆ. ಮಕ್ಕಳನ್ನು ಇಂಥ ಕೆಲಸಕ್ಕೆ ಕಳುಹಿಸುವ ತಂದೆತಾಯಿಗಳು ಸಂಬಳವೆಷ್ಟೆಂದು ಕೇಳಿ ಸುಮ್ಮನಾಗದೆ, ನೇಮಕಪತ್ರ ಕೊಟ್ಟರೆ, ರಜೆಯುಂಟೆ, ಮುಂದೆ ಕಲಿಯುವುದೇನಿದೆ ಎಂಬುದನ್ನೂ ಕೇಳಿ ತಿಳಿಯಬೇಕು.

ನಮ್ಮ ಸಮಾಜದಲ್ಲಿ ವ್ಯಾಪಾರವನ್ನೇ ನಂಬಿದ ಮನೆತನಗಳು ಬಹಳ. ಅವರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮಲ್ಲಿ ದುಡಿಯುವವರಿಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕುಳಿತುಕೊಳ್ಳಲು ಒಂದು ಮಣೆ ಇಡಿರಿ. ಎರಡು ಮೂರು ವರ್ಷ ದುಡಿದವರಿಗೆ ದಾಸ್ತಾನು, ಖರೀದಿ, ಜಿಎಸ್‌ಟಿ ಲೆಕ್ಕ ಇವುಗಳಲ್ಲಿ ಒಂದನ್ನಾದರೂ ಕಲಿಸಿರಿ. ನಾಲ್ಕು ನುಡಿ ಬಲ್ಲವಳಿಗೆ ವಿಭಾಗವೊಂದರ ಹೊಣೆ ಹೊರಲು ಬಾರದೆ? ಗುರಿಯ ಭಯದಲ್ಲಿ ಮಾರುವವರು ಬಣ್ಣ ಬಿಡುವ ಸೀರೆಯನ್ನೂ ಗಟ್ಟಿಯೆಂದು ಹೇಳಬೇಕಾದೀತು. ಆ ಸುಳ್ಳಿನ ಹೊರೆಯಲ್ಲಿ ಗುರಿ ನಿಗದಿ ಮಾಡಿದವರಿಗೂ ಪಾಲುಂಟು.

ಕಾಯಕದ ಹಿರಿಮೆಯನ್ನು ಹೇಳಿ ದುಡಿಯುವವರ ಕಾಲುನೋವನ್ನು ಮರೆಮಾಚುವುದು ಶರಣರ ಮಾರ್ಗವಲ್ಲ. ಅವರಿಗೆ ಕಾಯಕವೂ ಪವಿತ್ರ, ಕಾಯಕ ಮಾಡುವ ದೇಹವೂ ಪವಿತ್ರ.

ಕೊಳ್ಳುವವರಾದ ನಾವೂ ನಿರ್ದೋಷಿಗಳಲ್ಲ. ಅಂದು "ಇನ್ನೂ ನಾಲ್ಕು ತೋರಿಸಮ್ಮ" ಎಂದವರಲ್ಲಿ ನಾವೂ ಒಬ್ಬರು. ಅವಳು ನಿಂತೇ ಇದ್ದಾಳೆಂಬುದು ನಮಗೆ ಹೊಳೆದದ್ದು, ನಮ್ಮ ಕೆಲಸವೆಲ್ಲ ಮುಗಿದ ಮೇಲೆ. ಮುಂದಿನ ಸಲ ಜವಳಿಗೆ ಹೋದಾಗ, ಕುಳಿತುಕೊಳ್ಳುವ ಮೊದಲು ಎದುರಿಗಿರುವವರಿಗೂ ಆಸನವುಂಟೇ ಎಂದು ಒಮ್ಮೆ ನೋಡಿರಿ. ಇಲ್ಲದಿದ್ದರೆ ಅಂಗಡಿಯ ಯಜಮಾನರನ್ನು ವಿನಯದಿಂದ ಕೇಳಿರಿ. ಗಿರಾಕಿ ಕೇಳಿದ ಮಾತನ್ನು ಯಾವ ವ್ಯಾಪಾರಿಯೂ ಸುಲಭವಾಗಿ ತಳ್ಳಿಹಾಕಲಾರನು.