ಅಂಗಡಿಯಲ್ಲಿ ಸಿಗುವ ಪ್ರಾಜೆಕ್ಟ್ ಮತ್ತು ಮಸೀದಿಯ ತುಂಬಿ ಹರಿಯುವ ಟ್ಯಾಂಕ್

ಬಾದಾಮಿ ತಾಲೂಕಿನ ಚೊಳಚಗುಡ್ಡವನ್ನು ನಾಡು ಗುರುತಿಸುವುದು ಬನಶಂಕರಿ ಜಾತ್ರೆಯಿಂದ. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ನಾಟಕ ಕಂಪೆನಿಗಳು ಬೀಡುಬಿಡುತ್ತವೆ, ಮಲಪ್ರಭೆಯ ಸೀಮೆಯ ಜನ ಸೇರುತ್ತಾರೆ. ಆದರೆ ನಾವಿಲ್ಲಿ ಹೇಳಹೊರಟಿರುವುದು ಜಾತ್ರೆಯ ಬಗ್ಗೆಯಲ್ಲ. ಆ ಊರಿನ ಓರ್ವ ವಿದ್ಯಾರ್ಥಿಯ ಬಗ್ಗೆ ಮತ್ತು ಆತನ ನೆಪದಲ್ಲಿ ನಮ್ಮ ಬಗ್ಗೆ.

ಆತನ ತಂದೆ ಸುಟ್ಟುಹೋದ ಪಂಪ್‌ಸೆಟ್ಟುಗಳಿಗೆ ವೈಂಡಿಂಗ್ ಮಾಡುವವರು. ಮಗ ದೂರದ ನಗರವೊಂದರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದ. ನಾಲ್ವರ ಒಂದೊಂದು ತಂಡ ಎಲೆಕ್ಟ್ರಾನಿಕ್ಸ್ ಉಪಕರಣವೊಂದನ್ನು ಸ್ವತಃ ಕಟ್ಟಿ ತೋರಿಸಬೇಕೆಂದು ತರಗತಿಯಲ್ಲಿ ಸೂಚಿಸಲಾಯಿತು. ಆದರೆ ಕಟ್ಟುವ ತೊಂದರೆಯಾದರೂ ಏತಕ್ಕೆ? ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳು ನಗರದಲ್ಲಿವೆ. ಉಪಕರಣದ ಜೊತೆಗೆ ವರದಿಯನ್ನೂ ಅವರೇ ಮುದ್ರಿಸಿಕೊಡುತ್ತಾರೆ. ತಂಡದ ಇತರರು ಅದಕ್ಕೆ ಒಪ್ಪಿದ್ದರು. ತನ್ನ ಪಾಲಿನ ಹಣಕ್ಕಾಗಿ ಹುಡುಗ ತಂದೆಗೆ ಕರೆ ಮಾಡಿದ.

“ಏನ್ ಮಾಡ್ತೈತಿ ಅದು?” ಎಂದು ತಂದೆ ಕೇಳಿದರು. ಮಗನಲ್ಲಿ ಉತ್ತರವಿರಲಿಲ್ಲ. “ಹಂಗಾದ್ರ ರೊಕ್ಕ ಕೊಡೂದಿಲ್ಲ. ಮಸೂತಿ ಟಾಕಿ ದಿನಾ ತುಂಬಿ ಹರೀತೈತಿ. ಅದನ್ನ ನಿಲ್ಸೂವಂಥಾದ್ದು ಏನರ ಮಾಡು” ಎಂದರು.

ನಾವು ಆ ಮನೆಗೆ ಭೇಟಿ ಕೊಟ್ಟಾಗ ಹುಡುಗ ತಾನು ಮಾಡಿದ್ದನ್ನು ಬಿಡಿಸಿ ಹೇಳಿದ. ಮದ್ರಸದಲ್ಲಿ ಓದಿ ಆ ಬಳಿಕ ಕಲಾ ಪದವಿ ಪಡೆದ ನಮಗೆ ಈ ವಿಷಯದಲ್ಲಿ ಅಕ್ಷರಜ್ಞಾನವೂ ಇರಲಿಲ್ಲ. ಆದರೂ ಅರ್ಥವಾಯಿತು. ಲವಣಾಂಶವಿರುವ ನೀರಿನಲ್ಲಿ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಟ್ಯಾಂಕಿನ ತಳದಲ್ಲೊಂದು, ಕೆಳಮಟ್ಟದಲ್ಲೊಂದು, ಮೇಲ್ಮಟ್ಟದಲ್ಲೊಂದು ತಂತಿ ಇಳಿಬಿಟ್ಟರೆ ನೀರು ಎಲ್ಲಿಯವರೆಗೆ ಏರಿದೆಯೆಂಬುದು ತಿಳಿಯುತ್ತದೆ. ಆ ಸುದ್ದಿಯನ್ನು ಆರ್ಡಿನೊ ಎಂಬ ಪುಟ್ಟ ಫಲಕ ಓದಿ, ರಿಲೇಯ ಮೂಲಕ ಮೋಟಾರನ್ನು ಚಾಲೂ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಮೇಲೊಂದೇ ತಂತಿ ಸಾಲದೇ ಎಂದು ನಾವು ಕೇಳಿದೆವು. ಸಾಲದು, ನೀರು ಅಲುಗಾಡಿದಾಗಲೆಲ್ಲ ಮೋಟಾರು ಬಿಟ್ಟು ಬಿಟ್ಟು ಓಡಿ ಕೆಟ್ಟುಹೋಗುತ್ತದೆ ಎಂದ. ಈ ಆರ್ಡಿನೊ 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಸಂಸ್ಥೆಯೊಂದರಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡದ್ದು. ಅದರ ನಕ್ಷೆಯನ್ನು ರೂಪಿಸಿದವರು ಬಚ್ಚಿಡಲಿಲ್ಲ, ಜಗತ್ತಿಗೇ ತೆರೆದಿಟ್ಟರು. ಹಾಗಾಗಿ ಅದರ ಪ್ರತಿರೂಪಗಳು ಇಂದು ಕೆಲವು ನೂರು ರೂಪಾಯಿಗೆ ಸಿಗುತ್ತವೆ.

ಆದರೆ ಮೇಜಿನ ಮೇಲೆ ಸರಿಯಾಗಿ ನಡೆದದ್ದು ಮಸೀದಿಯಲ್ಲಿ ನಡೆಯಲಿಲ್ಲ. ಮೋಟಾರು ಚಾಲೂ ಆದೊಡನೆ ಫಲಕ ಆರಿ, ಮತ್ತೆ ಮೊದಲಿನಿಂದ ಎಣಿಸತೊಡಗುತ್ತಿತ್ತು. ಹುಡುಗ ಎರಡು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದ. ತಂದೆ ಬಂದು ನೋಡಿದವರೇ, ಮೋಟಾರು ಎತ್ತುವಾಗ ಲೈನು ಕುಸಿಯುತ್ತದೆ, ಇದಕ್ಕೆ ಬೇರೆ ಕರೆಂಟು ಕೊಡು ಎಂದರು. ಇಂಡಕ್ಷನ್ ಮೋಟಾರೊಂದು ಹೊರಡುವ ಕ್ಷಣದಲ್ಲಿ ತನ್ನ ಸಾಮಾನ್ಯ ಪ್ರಮಾಣದ 5ರಿಂದ 7 ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ ಎಂಬುದು ಪಠ್ಯದಲ್ಲಿದೆ. ಮಗ ಅದನ್ನು ಓದಿದ್ದ. ತಂದೆ ಅದನ್ನು ಓದಿರಲಿಲ್ಲ, ಆದರೆ ಅದು ಅವರಿಗೆ ತಿಳಿದಿತ್ತು. ಬ್ಯಾಟರಿಯಿಂದ ಬೇರೆ ಸಂಪರ್ಕ ಕೊಟ್ಟಾಗ ಆ ತೊಂದರೆ ನಿಂತಿತು.

ಮೂರು ವಾರಗಳಲ್ಲಿ ಇನ್ನೊಂದು ತೊಂದರೆ. ತಾಮ್ರದ ತಂತಿಗಳು ಹಸಿರುಗಟ್ಟಿ ಸವೆದುಹೋದವು. ನೇರ ವಿದ್ಯುತ್ತು ನಿರಂತರವಾಗಿ ಹರಿದರೆ ನೀರಿನಲ್ಲಿರುವ ಲೋಹ ಕರಗುತ್ತದೆ. ಆಗ ತಂಡದಲ್ಲಿದ್ದ ಗುಳೇದಗುಡ್ಡದ ನೇಕಾರ ಕುಟುಂಬದ ಹುಡುಗ ಚೊಳಚಗುಡ್ಡಕ್ಕೇ ಬಂದ. ಇಬ್ಬರೂ ಕೂತು ತಾಮ್ರದ ಬದಲು ತುಕ್ಕು ಹಿಡಿಯದ ಉಕ್ಕಿನ ಕಡ್ಡಿಗಳನ್ನು ಅಳವಡಿಸಿದರು. ಅಳೆಯುವ ಒಂದು ಕ್ಷಣ ಮಾತ್ರ ವಿದ್ಯುತ್ ಹರಿಯುವಂತೆ ಪ್ರೋಗ್ರಾಮ್ ತಿದ್ದಿದರು. ಮಗ್ಗದ ಮನೆಯಿಂದ ಬಂದವನು ಆ ತಂತಿಗಳನ್ನು ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದನೆಂದರೆ, ಅದನ್ನು ಬಿಚ್ಚಲು ಈಗಲೂ ಮನಸ್ಸಾಗುವುದಿಲ್ಲವೆಂದು ಆ ತಂದೆ ನಮ್ಮೊಡನೆ ಹೇಳಿದರು.

ಪ್ರದರ್ಶನದ ದಿನ ಏನಾಯಿತು? ಅಂಗಡಿಯಿಂದ ಬಂದ ಪ್ರಾಜೆಕ್ಟುಗಳು ಹೊಳೆಯುವ ಪೆಟ್ಟಿಗೆಗಳಲ್ಲಿದ್ದವು. ಇವರದ್ದು ಬಣ್ಣಗೆಟ್ಟ ಹಳೆಯ ಸ್ವಿಚ್ ಬೋರ್ಡಿನ ಮೇಲಿತ್ತು. ಒಂದೊಂದು ತಂಡಕ್ಕೆ ಕೆಲವೇ ನಿಮಿಷ. ಇವರಿಗೆ ಅಂಕ ಕಡಿಮೆ ಬಂತು. ಆದರೆ ಮಸೀದಿಯ ಟ್ಯಾಂಕ್ ಈಗ ಹರಿಯುವುದಿಲ್ಲ.

ಈ ಅಂಕಪಟ್ಟಿಯನ್ನು ನೋಡುವಾಗ ನಮಗೆ ಮದೀನಾದ ಮಾರುಕಟ್ಟೆ ನೆನಪಾಗುತ್ತದೆ. ಧಾನ್ಯದ ರಾಶಿಯೊಂದರ ಮುಂದೆ ಪ್ರವಾದಿ(ಸ) ನಿಂತರು. ಮೇಲ್ಭಾಗ ಒಣಗಿತ್ತು. ಅವರು ರಾಶಿಯೊಳಗೆ ಕೈ ಹಾಕಿದರು. ಒಳಗೆ ತೇವವಿತ್ತು. ತೇವವನ್ನು ಮುಚ್ಚಿಟ್ಟು ಮಾರುವುದು ವಂಚನೆಯೆಂದು ಅವರು ಕಟುವಾಗಿ ಎಚ್ಚರಿಸಿದರು. ಹಣ ಕೊಟ್ಟು ತಂದ ಪ್ರಾಜೆಕ್ಟಿನ ಕೆಳಗೆ ತನ್ನ ಹೆಸರು ಬರೆಯುವ ವಿದ್ಯಾರ್ಥಿ ಮಾಡುವುದು ಇದನ್ನೇ ಅಲ್ಲವೇ? ಬಡ್ಡಿ, ಮದ್ಯ, ವರದಕ್ಷಿಣೆಗಳ ಬಗ್ಗೆ ನಮ್ಮ ಮಿಂಬರ್‌ಗಳು ಮಾತಾಡುತ್ತವೆ, ಮಾತಾಡಲೇಬೇಕು. ಆದರೆ ಸುಳ್ಳು ವರದಿಗೆ ಹಾಕುವ ಸಹಿ ಕೂಡ ಸುಳ್ಳು ಸಾಕ್ಷ್ಯವೇ ಎಂದು ಹೇಳುವ ಖುತ್ಬಾಗಳು ಎಷ್ಟಿವೆ? ವಿದ್ಯೆ ಒಂದು ಅಮಾನತ್. ನಾಳೆ ಆ ಸುಳ್ಳು ಪದವಿಯ ಮೇಲೆ ಸೇತುವೆಯೋ ಆಸ್ಪತ್ರೆಯ ಯಂತ್ರವೋ ನಿಲ್ಲಬೇಕಾಗುತ್ತದೆ.

ತಪ್ಪು ವಿದ್ಯಾರ್ಥಿಗಳದ್ದು ಮಾತ್ರವಲ್ಲ. ರಾಶಿಯೊಳಗೆ ಕೈ ಹಾಕಿ ನೋಡಬೇಕಾದವರು ಮೇಲ್ಭಾಗವನ್ನಷ್ಟೇ ನೋಡಿ ಅಂಕ ಕೊಟ್ಟರೆ ತೇವದ ಧಾನ್ಯಕ್ಕೇ ಬೆಲೆ. ಈ ತಂತಿ ಕಿತ್ತರೆ ಏನಾಗುತ್ತದೆ ಎಂಬ ಒಂದೇ ಪ್ರಶ್ನೆ ಸಾಕು, ಕಟ್ಟಿದವನಾರು, ಕೊಂಡವನಾರು ಎಂಬುದು ತಿಳಿಯುತ್ತದೆ. ಒಳ್ಳೆಯ ಮಾದರಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. 1947ರಲ್ಲಿ ಆರಂಭವಾಗಿ ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಕಾಲೇಜಿನಲ್ಲಿ 2015ರ ಹೊತ್ತಿಗೆ ‘ಇಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್’ ಎಂಬ ವಿಷಯವನ್ನು ಮೊದಲ ವರ್ಷದಲ್ಲೇ ಅಳವಡಿಸಲಾಯಿತು. ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ಒಂದೇ ತಂಡದಲ್ಲಿ ಕೂತು, ಸಮಸ್ಯೆಯನ್ನು ಗುರುತಿಸಿ, ಆರ್ಡಿನೊದಂಥ ಫಲಕ ಬಳಸಿ ಪರಿಹಾರ ಕಟ್ಟುತ್ತಾರೆ. ನೈತಿಕತೆಯೂ ಆ ಪಾಠದ ಒಂದು ಭಾಗ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ 2022ರ ಪಠ್ಯಕ್ರಮದಲ್ಲಿ ‘ಇನ್ನೊವೇಶನ್ ಆ್ಯಂಡ್ ಡಿಸೈನ್ ಥಿಂಕಿಂಗ್’ ವಿಷಯವನ್ನು ಮೊದಲ ವರ್ಷಕ್ಕೆ ಸೇರಿಸಿತು. ಬಾಗಿಲು ತೆರೆದಿದೆ. ಆದರೆ ಬಾಗಿಲ ಪಕ್ಕದಲ್ಲೇ ಅಂಗಡಿಯೂ ತೆರೆದಿದೆ.

ಇಷ್ಟಕ್ಕೂ ಈ ವಿಷಯದಲ್ಲಿ ಮುಸ್ಲಿಮ್ ಸಮುದಾಯದ ಹೊಣೆ ಏನು? ನಮ್ಮ ಭಾಷಣಗಳಲ್ಲಿ ಬನೂ ಮೂಸಾ ಸಹೋದರರು ಬರುತ್ತಾರೆ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಅವರು ಬರೆದ ಗ್ರಂಥದಲ್ಲಿ ಸುಮಾರು 100 ಯಂತ್ರಗಳಿವೆ. ನೀರಿನ ಮಟ್ಟವನ್ನು ತಾನಾಗಿಯೇ ಕಾಯುವ ತೇಲುಗುಂಡಿನ ಉಪಾಯಗಳೂ ಅದರಲ್ಲಿವೆ. 1206ರಲ್ಲಿ ತನ್ನ ಗ್ರಂಥವನ್ನು ಮುಗಿಸಿದ ಅಲ್ ಜಝರಿಯೂ ಬರುತ್ತಾರೆ. ಇನ್ನೊಬ್ಬ ಕುಶಲಕರ್ಮಿ ಓದಿ ಕಟ್ಟಬಲ್ಲಂತೆ ಅಳತೆಗಳ ಸಹಿತ ಬರೆದವರು ಅವರು. ಆ ಪರಂಪರೆಯನ್ನು ನಾವು ಧ್ವನಿವರ್ಧಕದಲ್ಲಿ ಹೊಗಳುತ್ತಿರುವಾಗಲೇ ಮಸೀದಿಯ ಮೇಲಿನ ಟ್ಯಾಂಕ್ ತುಂಬಿ ಚರಂಡಿಗೆ ಹರಿಯುತ್ತಿರುತ್ತದೆ! ಹರಿಯುವ ನದಿಯ ದಡದಲ್ಲಿ ಕೂತು ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬ ಉಪದೇಶ ಹದೀಸ್‌ನಲ್ಲಿದೆ. ಅದನ್ನು ಕಂಠಪಾಠ ಮಾಡಿದವರು ನಾವು. ಆದರೆ ನಲ್ಲಿ ನಿಲ್ಲಿಸಿದ್ದು ವೈಂಡಿಂಗ್ ಮಾಡುವವರ ಮಗ.

ನಿಜವಾಗಿ ನಮ್ಮಲ್ಲಿ ಕೈಗಳಿಗೆ ಕೊರತೆಯಿಲ್ಲ. ಗ್ಯಾರೇಜು, ವೆಲ್ಡಿಂಗ್, ಮೊಬೈಲ್ ರಿಪೇರಿ, ವೈಂಡಿಂಗ್ ಎಂದು ಪ್ರತಿ ಪಟ್ಟಣದಲ್ಲೂ ನಮ್ಮವರಿದ್ದಾರೆ. ಆದರೆ ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ರಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಒಂದು ಕಡೆ ಪುಸ್ತಕವಿಲ್ಲದ ಕೈ, ಇನ್ನೊಂದು ಕಡೆ ಕೈಯಿಲ್ಲದ ಪುಸ್ತಕ. ಸರಕಾರಗಳ ಪಾಲೂ ಇದರಲ್ಲಿ ಚಿಕ್ಕದಲ್ಲ. 2022ರಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತ ಮಕ್ಕಳ ಎಂಟನೇ ತರಗತಿವರೆಗಿನ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ಕೈಬಿಟ್ಟಿತು. ಇದನ್ನು ಪ್ರಶ್ನಿಸಲೇಬೇಕು. ಅದೇ ಕೇಂದ್ರ ಸರಕಾರವು 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ನೆರವು ನೀಡುತ್ತಾ ಬಂತು. 2025ರ ಬಜೆಟ್‌ನಲ್ಲಿ ಸರಕಾರಿ ಶಾಲೆಗಳಿಗೆ ಐದು ವರ್ಷಗಳಲ್ಲಿ ಇನ್ನೂ 50,000 ಲ್ಯಾಬ್‌ಗಳನ್ನು ಘೋಷಿಸಿತು. ನಮ್ಮ ಮೊಹಲ್ಲಾದ ಉರ್ದು ಮತ್ತು ಕನ್ನಡ ಸರಕಾರಿ ಶಾಲೆಗಳಿಗೂ ಅದು ಸಿಗಲೆಂದು ಕೇಳಿದ ಜಮಾಅತ್‌ಗಳೆಷ್ಟು?

ಮದ್ರಸದಲ್ಲಿ ಕುರ್‌ಆನ್ ಪಾರಾಯಣವನ್ನು ಯಾರೂ ಪುಸ್ತಕದಿಂದಷ್ಟೇ ಕಲಿಯುವುದಿಲ್ಲ. ಉಸ್ತಾದರ ಮುಂದೆ ಕೂತು, ತಪ್ಪಿ, ತಿದ್ದಿಸಿಕೊಂಡು, ಮತ್ತೆ ಓದಿ ಕಲಿಯುತ್ತಾರೆ. ತಜ್ವೀದನ್ನು ಖರೀದಿಸಲಾಗದು. ಬೆಸುಗೆ ಹಾಕುವುದನ್ನೂ ಹೀಗೆಯೇ ಕಲಿಯಬೇಕು. ಈ ಶಿಸ್ತು ನಮ್ಮಲ್ಲಿ ಮೊದಲೇ ಇದೆ. ಅದನ್ನು ಒಂದು ಮೇಜಿನಷ್ಟು ವಿಸ್ತರಿಸಿದರೆ ಸಾಕು. ಮಸೀದಿಗೆ ಸೇರಿದ ಕೋಣೆಯೊಂದರಲ್ಲಿ ಆ ಮೇಜು, ಒಂದು ಬೆಸುಗೆ ಕಡ್ಡಿ, ಒಂದು ಮಲ್ಟಿಮೀಟರ್, ನಾಲ್ಕು ಫಲಕಗಳಿರಲಿ. ಭಾನುವಾರದಂದು ಊರಿನ ವೈಂಡಿಂಗ್‌ನವರು, ಮೊಬೈಲ್ ರಿಪೇರಿಯವರು ಅಲ್ಲಿ ಉಸ್ತಾದರಾಗಲಿ. ಹುಡುಗಿಯರಿಗೂ ಅಲ್ಲಿ ಜಾಗವಿರಲಿ, ನೆರೆಯ ಸಹೋದರ ಧರ್ಮೀಯರ ಮಕ್ಕಳಿಗೂ ಇರಲಿ. ವಿದ್ಯುತ್ ಲೈನಿನ ಕೆಲಸ ಮಾತ್ರ ಅನುಭವಿಗಳ ಕಣ್ಗಾವಲಿನಲ್ಲೇ ನಡೆಯಲಿ.

ಮತ್ತು ಪ್ರತಿಯೊಬ್ಬ ತಂದೆ, ತಾಯಿ ಮಗನಿಗೋ ಮಗಳಿಗೋ ಹಣ ಕಳಿಸುವ ಮೊದಲು ಚೊಳಚಗುಡ್ಡದ ಆ ತಂದೆಯ ಪ್ರಶ್ನೆಯನ್ನು ಕೇಳಲಿ: ಏನು ಮಾಡುತ್ತದೆ ಅದು? ಉತ್ತರ ಬಾರದಿದ್ದರೆ ರಾಶಿಯೊಳಗೆ ತೇವವಿದೆ ಎಂದೇ ಅರ್ಥ.