ಪಿಕಪ್ ಯಾರ ಹೆಸರಿಗೆ?

ನಮ್ಮ ಮನೆಯಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡದಾದ ಒಂದು ಪಿಕಪ್ ಇದೆ. 1987ರ ಮಹೀಂದ್ರ. ಮುಂದೆ ಜೀಪಿನದೇ ಮೂತಿ, ಹಿಂದೆ ತೆರೆದ ಬಾಡಿ. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟಕ್ಕೆ ಅದನ್ನು ತಂದವರು ಅಜ್ಜ. ಅವರಿಂದ ಅಪ್ಪಯ್ಯನ ಕೈಗೆ ಬಂತು. ಅಪ್ಪಯ್ಯನಿಗೆ ಈಗ 68. ಮುಂದೆ ಯಾರಿಗೆ ಅನ್ನೋ ಮಾತು ಈ ವರ್ಷ ಊಟಕ್ಕೆ ಕೂತಾಗಲೆಲ್ಲ ಬರ್ತಿದೆ.

ಹಳೇ ಗಾಡಿ ಅಂದ್ರೆ ಫೋನಿನಲ್ಲಿ ನೋಡೋ ಹೊಳೆಯುವ ಫೋಟೊ ನೆನಪಾಗುತ್ತೆ ಅಲ್ವಾ? ನಮ್ಮದು ಹೊಳೆಯೋದಿಲ್ಲ. ಬಾಡಿಯಲ್ಲಿ ಯಾವಾಗಲೂ ಗೊಬ್ಬರದ ವಾಸನೆ. ಸರ್ಕಾರದ ಲೆಕ್ಕದಲ್ಲಿ ಅದು ವಿಂಟೇಜ್ ಕೂಡ ಅಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪ ಹಾಗೇ ಉಳಿದಿರಬೇಕು. ನಮ್ಮದಕ್ಕೆ 50 ತುಂಬೋದು 2037ಕ್ಕೆ. ಹಾಗೆ ನೋಂದಣಿ ಆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ, ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ಅಡಿಕೆ ಮೂಟೆ ಹೊರದ ಪಿಕಪ್ ಕಟ್ಟಿಕೊಂಡು ನಾವೇನು ಮಾಡೋದು?

ಇಷ್ಟು ವರ್ಷ ಅದು ಬದುಕಿದ್ದು ಹೇಗೆ ಅಂತ ಬೆಂಗಳೂರಿನ ಗೆಳತಿಯರು ಕೇಳ್ತಾರೆ. ಮೊದಲ ಕಾರಣ ಇಂಜಿನ್. ಫ್ರಾನ್ಸಿನ ಪ್ಯೂಜೊ ವಿನ್ಯಾಸದ 2112 ಸಿಸಿ ಡೀಸೆಲ್. ಒಳಗೆ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕೆಟ್ಟರೆ ಮೊದಲು ಹೊಗೆ ನೋಡೋದು. ಕಪ್ಪು ಹೊಗೆ ಬಂದ್ರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಡೀಸೆಲ್ ಹೆಚ್ಚು ಹೋಗ್ತಿದೆ. ನೀಲಿ ಬಂದ್ರೆ ಇಂಜಿನ್ ಆಯಿಲ್ ಉರೀತಿದೆ. ಚಳಿಗಾಲದ ಬೆಳಿಗ್ಗೆ ಬಿಳಿ ಹೊಗೆ ಬಿಟ್ಟು ಸ್ಟಾರ್ಟ್ ಆಗೋಕೆ ಹಟ ಮಾಡಿದ್ರೆ ಹೀಟರ್ ಪ್ಲಗ್ ನೋಡಬೇಕು. ಊರಿನ ಫಿಟ್ಟರ್ ಇದನ್ನೆಲ್ಲ ನಿಂತಲ್ಲೇ ಹೇಳ್ತಾರೆ.

ಎರಡನೇ ಕಾರಣ ಅಜ್ಜನ ನೋಟ್‌ಬುಕ್. ತಾರೀಕು, ಕಿಲೋಮೀಟರ್, ಮಾಡಿದ ಕೆಲಸ, ಕೊಟ್ಟ ದುಡ್ಡು, ಇಷ್ಟೇ ಬರೆಯೋದು. ಮಳೆಗಾಲಕ್ಕೆ ಮುಂಚೆ ಚಾಸಿ ತೊಳೆದು ಒಣಗಿಸಿ ಸುಟ್ಟ ಆಯಿಲ್ ಹಚ್ಚಬೇಕು. ರಬ್ಬರ್ ಬುಷ್‌ಗೂ ಬ್ರೇಕ್ ಪೈಪಿಗೂ ಅದು ತಾಗಬಾರದು, ತಾಗಿದ್ರೆ ರಬ್ಬರ್ ಊದಿ ಹಾಳಾಗುತ್ತೆ. ಡೀಸೆಲ್ ಫಿಲ್ಟರಿನ ತಳದ ನೀರು ತೆಗೀಬೇಕು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಗ್ರೀಸ್ ಹೊಡೀಬೇಕು. ಹಳ್ಳ ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ತಿಕೊಂಡೇ ಹೋಗಬೇಕು, ಯಾಕಂದ್ರೆ ನೆನೆದ ಡ್ರಮ್ ಬ್ರೇಕ್ ಹಿಡಿಯೋದಿಲ್ಲ. ಆ ಪುಸ್ತಕದಲ್ಲಿ ಅಜ್ಜನ ಅಕ್ಷರ ಮುಗಿದಲ್ಲಿ ಅಪ್ಪಯ್ಯನದು ಶುರು. ಕಳೆದ ಆರು ವರ್ಷದಿಂದ ಹೆಚ್ಚಿನ ಪುಟ ನನ್ನ ಅಕ್ಷರದಲ್ಲಿದೆ. ತಿಂಗಳಿಗೊಂದು ಶನಿವಾರ ಊರಿಗೆ ಹೋದಾಗ ಗ್ರೀಸ್ ಗನ್ ಹಿಡಿಯೋದು ನಾನೇ.

ಅಜ್ಜ ತೀರಿಕೊಂಡಾಗ ಗಾಡಿ ಅಪ್ಪಯ್ಯನ ಹೆಸರಿಗಾಗಲು ಚಿಕ್ಕಪ್ಪನ ಒಪ್ಪಿಗೆ ಬೇಕಿತ್ತು. ಚಿಕ್ಕಪ್ಪ ಒಂದು ಷರತ್ತಿನ ಮೇಲೆ ಸಹಿ ಹಾಕಿದರು: ವರ್ಷಕ್ಕೊಂದು ಲೋಡ್ ಅವರ ಅಡಿಕೆಯೂ ಇದರಲ್ಲೇ ಮಂಡಿಗೆ ಹೋಗಬೇಕು. ಇವತ್ತಿಗೂ ಹೋಗುತ್ತೆ. ಎರಡು ಮನೆ ನಡುವೆ ಮಾತು ಕಮ್ಮಿ ಆದ ವರ್ಷವೂ ಆ ಲೋಡ್ ತಪ್ಪಲಿಲ್ಲ.

ಕಳೆದ ಮಳೆಗಾಲ ಮುಸ್ಸಂಜೆ ಹೊತ್ತಲ್ಲಿ ಎದುರಿನ ಗಾಡಿಯ ಲೈಟು ಅಪ್ಪಯ್ಯನ ಕಣ್ಣಿಗೆ ಹೊಡೆದು, ಎಡಗಡೆ ಚಕ್ರ ಚರಂಡಿಗೆ ಇಳೀತು. ಪೆಟ್ಟಾಗಲಿಲ್ಲ. ಆದರೆ ಎರಡೂ ಕಣ್ಣಲ್ಲಿ ಪೊರೆ ಇರೋದು ಆಗ ಗೊತ್ತಾಯ್ತು. ತಮ್ಮ ನೇರವಾಗಿ ಹೇಳಿದ: "ಗುಜರಿಗೆ ಕೊಡೋಣ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಲೋನ್ ನಾನು ತಗೊಳ್ತೀನಿ, ಹೊಸದು ತರೋಣ." ಅಪ್ಪಯ್ಯ ಅರ್ಧ ಊಟಕ್ಕೇ ಎದ್ದು ಹೋದರು. ತಮ್ಮ ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಅದಕ್ಕೇ ಅದು ಅಪ್ಪಯ್ಯನಿಗೆ ಅಷ್ಟು ನಾಟಿದ್ದು.

ವಾರವಿಡೀ ಫೋನಲ್ಲಿ ಜಗಳ ಆಡಿ ನಾವು ಮೂವರೂ ಕೆಲವು ಮಾತಿಗೆ ಒಪ್ಪಿದೆವು. ಕತ್ತಲಾದ ಮೇಲೆ ಗಾಡಿ ಶೆಡ್ಡಿನಿಂದ ಹೊರಗೆ ಬರೋದಿಲ್ಲ. ಹೈವೇ ಇಲ್ಲ, ತೋಟ, ಮಂಡಿ, ಅಷ್ಟೇ. ಕಣ್ಣಿನ ಆಪರೇಷನ್ ಆಗಿ ಡಾಕ್ಟರ್ ಸರಿ ಅನ್ನೋವರೆಗೆ ಅಪ್ಪಯ್ಯ ಪಕ್ಕದ ಸೀಟಿನಲ್ಲಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಹೇಗೂ ವರ್ಷಾ ವರ್ಷ ಎಫ್‌ಸಿ ಆಗಬೇಕು. ಎಫ್‌ಸಿಗೆ ಮುಂಚೆ ಫಿಟ್ಟರ್ ಕೆಳಗೆ ಮಲಗಿ ಚಾಸಿ ಬಡಿದು ನೋಡಬೇಕು. ಭಾರ ಹೊರುವ ಜಾಗದಲ್ಲಿ ತುಕ್ಕು ತೂತು ಮಾಡಿದೆ ಅಂತ ಅವರು ಹೇಳಿದ ವರ್ಷ ಯಾರೂ ವಾದ ಮಾಡೋ ಹಾಗಿಲ್ಲ, ಗಾಡಿ ನಿಲ್ಲಿಸೋದೇ. ಈ ಕೊನೇ ಮಾತನ್ನು ಬರೆಸಿದ್ದು ಅಪ್ಪಯ್ಯನೇ.

ಉಳಿದದ್ದು ಹೆಸರಿನ ಪ್ರಶ್ನೆ. ನಿಮ್ಮ ಮನೆಗೂ ಉಪಯೋಗಕ್ಕೆ ಬರಬಹುದು, ಕೇಳಿ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. 2021ರಿಂದ ಆರ್‌ಸಿಗೆ ನಾಮಿನಿ ಹೆಸರು ಸೇರಿಸಲು ಅವಕಾಶ ಇದೆ. ಬ್ಯಾಂಕ್ ಖಾತೆಗೆ ನಾಮಿನಿ ಹಾಕೋ ನಾವು ಗಾಡಿಗೆ ಹಾಕೋದು ಮರೀತೀವಿ. ಆಮೇಲೆ ದುಃಖದ ನಡುವೆ ಒಬ್ಬೊಬ್ಬರ ಸಹಿಗೂ ಅಲೀತೀವಿ.

ನಮ್ಮ ಕಡೆ ತೋಟ, ಗಾಡಿ ಅಂದ್ರೆ ಮಗನ ಹೆಸರೇ ಮೊದಲು ಬರೋದು. ಅಪ್ಪಯ್ಯನೂ ಹಾಗೇ ಅಂದುಕೊಂಡಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಮೊನ್ನೆ ಮೂವರೂ ಕೂತಿದ್ದಾಗ ತಮ್ಮನೇ ನೋಟ್‌ಬುಕ್ ತಂದು ಅವರ ಮುಂದಿಟ್ಟ. "ಅಪ್ಪಯ್ಯ, ಇದರಲ್ಲಿ ನನ್ನ ಅಕ್ಷರ ಎಲ್ಲಿದೆ ತೋರ್ಸಿ. ಅಕ್ಕನ ಹೆಸರು ಹಾಕ್ಸಿ" ಅಂದ.

ಅಪ್ಪಯ್ಯ ತುಂಬಾ ಹೊತ್ತು ಪುಟ ತಿರುವಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಚಿಕ್ಕಪ್ಪನ ಲೋಡ್ ಮಾತ್ರ ನಿಲ್ಲಿಸಬೇಡ" ಅಂದರು. ನಾಮಿನಿ ಅರ್ಜಿ ಹೋದ ವಾರ ಹಾಕಿದ್ದೇವೆ.